ಹಳದಿ ಬಾರದ ಪ್ಲೇಟು

ಜೂನ್ 21, ಶನಿವಾರ

ಇಂದೂ ಹೆಸರು ಬರೆಯದ ಎರಡು ಟ್ಯೂಬು ಲ್ಯಾಬಿಗೆ ಬಂದವು. ಯಾರದ್ದೆಂದು ವಾರ್ಡಿನವನನ್ನು ಕೇಳಿದರೆ, "ಒಂದು ಗಂಡಸರದ್ದು, ಒಂದು ಹೆಂಗಸರದ್ದು ಅಕ್ಕಾ" ಎಂದ. ರಕ್ತದ ಮುಖ ನೋಡಿ ಗಂಡು ಹೆಣ್ಣು ಹೇಳುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ. ಎರಡನ್ನೂ ವಾಪಸು ಕಳಿಸಿದೆ. ಜೊತೆಗೆ ಕೆಲಸ ಮಾಡುವ ಆಶಿಷನಿಗೆ ನಗು. "ರಂಜನಕ್ಕಾ, ನಿಮ್ಮ ಹತ್ರ ಯಮ ಬಂದ್ರೂ ಲೇಬಲ್ ಹಚ್ಕಂಡೇ ಬರ್ಬೇಕು ನೋಡಿ" ಎಂದ. ಬರಲಿ. ಈ ಲ್ಯಾಬಿಗೆ ಸೇರಿದಾಗಿನಿಂದ ನನ್ನ ಕೈಯಿಂದ ಒಂದೇ ಒಂದು ತಪ್ಪು ಸಂಖ್ಯೆ ಹೊರಗೆ ಹೋಗಿಲ್ಲ. ಹಾಗೆ ಹೇಳಿಕೊಳ್ಳುವವರು ಕಾರವಾರದಲ್ಲಿ ಎಷ್ಟು ಜನ ಇದ್ದಾರೋ ನೋಡೋಣ.

ಕಿಟಕಿಯಲ್ಲಿ "ರಿಪೋರ್ಟ್ ಬಂತಾ" ಎನ್ನುವವರ ಕಾಟ ಬೇರೆ. ತೋಡೂರಿನ ಒಬ್ಬಳು ಮುದುಕಿ ನಾಲ್ಕು ಸಲ ಬಂದಳು. ಕೇಳಿದರೆ ಬೇಗ ಬರುತ್ತದೆಯೇ? ಬೆಂಚು ತೋರಿಸಿ ಕಿಟಕಿ ಹಾಕಿದೆ.

ಅಂಕೋಲೆಗೆ ಬಂದು ಮನೆ ಮುಟ್ಟಿದರೆ ಮಗಳು ಪ್ರಗತಿಗೆ ಮತ್ತೆ ಜ್ವರ. ನೂರಾ ಒಂದು ಪಾಯಿಂಟ್ ಆರು. ಶಾಲೆ ಶುರುವಾದಾಗಿನಿಂದ ಹೀಗೇ ಬಂದು ಹೋಗಿ ಮಾಡುತ್ತಿದೆ. ಮೀನುಪೇಟೆಯಿಂದ ಬಂದ ಅತ್ತೆ ಕೈಕಾಲು ತೊಳೆದವರೇ ಮೊಮ್ಮಗಳ ದೃಷ್ಟಿ ತೆಗೆದರು. ನಾನು ಪ್ಯಾರಾಸಿಟಮಲ್ ಕೊಟ್ಟೆ. ಜ್ವರ ಇಳಿಯಿತು, ಇಬ್ಬರೂ ನಮ್ಮಿಂದಲೇ ಎಂದುಕೊಂಡೆವು.

ಸೋಮು ಜಗಲಿಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದ. ಈ ಎರಡು ತಿಂಗಳು ದೊಡ್ಡ ಬೋಟುಗಳಿಗೆ ರಜೆ, ಅವನಿಗೂ ರಜೆ. (ಗಂಡನನ್ನು ಬಾಯಲ್ಲಿ ‘ಇವರು’ ಎನ್ನುತ್ತೇನೆ, ಇಲ್ಲಿ ಸೋಮು. ನನ್ನ ಡೈರಿ, ನನ್ನ ಕಾನೂನು.)

ಜೂನ್ 25, ಬುಧವಾರ

ಪ್ರಗತಿಯನ್ನು ಕಾರವಾರಕ್ಕೆ ತಂದು ನಮ್ಮ ಆಸ್ಪತ್ರೆಯಲ್ಲೇ ಸೇರಿಸಿದೆವು. ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ಇಲಿಜ್ವರ ಇಲ್ಲ. ಎಲ್ಲವನ್ನೂ ನಾನೇ ಮಾಡಿದೆ. ಜ್ವರ ನೂರಾ ಮೂರು ಪಾಯಿಂಟ್ ಎರಡು. ಹೊಟ್ಟೆಯ ಎಡಗಡೆ ಗಟ್ಟಿಯಾಗಿದೆ, ರಕ್ತ ಸೋಸುವ ಗುಲ್ಮ ಊದಿದೆಯಂತೆ. ರಕ್ತದ ಕಣಗಳು ದಿನಾ ಇಳಿಯುತ್ತಿವೆ. ಆ ಇಳಿಯುವ ಸಂಖ್ಯೆಗಳನ್ನು ಬರೆದು ಸಹಿ ಹಾಕುವವಳೂ ನಾನೇ. ಟ್ಯೂಬಿನ ಮೇಲೆ ‘ಪ್ರಗತಿ, 10, ಹೆಣ್ಣು, ಅಂಕೋಲಾ’ ಎಂದು ಚಂದ ಅಕ್ಷರದಲ್ಲಿ ಬರೆದೆ.

ಅತ್ತೆ ಹಾಸಿಗೆಯ ಬುಡ ಬಿಟ್ಟು ಏಳುವುದಿಲ್ಲ. "ಇಷ್ಟು ದೊಡ್ಡ ಮಿಶನ್ ಇಟ್ಕಂಡಿದ್ಯಲ್ಲೆ, ಹುಡ್ಗಿಗೆ ಎಂತಾ ಆಗಿದು ಅಂತ ಒಂದು ಮಾತು ಹೇಳುಕಾಗುದಿಲ್ವಾ ಅದಕ್ಕೆ?" ಎಂದು ಕೇಳಿದರು. ಸಿಟ್ಟು ಬಂತು. ಕೇಳಿದ್ದು ಸರಿಯೇ, ಅದಕ್ಕೇ ಸಿಟ್ಟು ಬಂದದ್ದು.

ಜೂನ್ 28, ಶನಿವಾರ

ಪ್ರಗತಿಯ ಡಾಕ್ಟರು ನಂದಿನಿ ಮೇಡಂ ನನ್ನನ್ನೂ ಸೋಮುವನ್ನೂ ಕೂರಿಸಿಕೊಂಡು ಮಾತಾಡಿದರು. ಅವರು ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ, ನನ್ನ ತಲೆ ಈಗ ಜರಡಿ.

ಒಂದೋ, ಮೈಯೊಳಗೆ ಎಲ್ಲೋ ಕ್ಷಯದಂಥ ಸೋಂಕು ಅಡಗಿ ಕೂತಿದೆ. ಎದೆಯ ಫೋಟೋದಲ್ಲಿ ಸಣ್ಣ ಕಲೆಯಿದೆ, ಅದನ್ನು ಹೌದೆನ್ನಲೂ ಆಗುವುದಿಲ್ಲ, ಅಲ್ಲವೆನ್ನಲೂ ಆಗುವುದಿಲ್ಲ. ಇಲ್ಲವೇ, ಸೋಂಕಿನ ಮೇಲೆ ಬೀಳಬೇಕಾದ ಮೈಯ ಕಾವಲು ಕಣಗಳೇ ಹುಚ್ಚೆದ್ದು ಮಗುವಿನ ರಕ್ತವನ್ನು ತಿನ್ನುತ್ತಿವೆ. ಎರಡನೆಯದಾದರೆ ದೊಡ್ಡ ಪ್ರಮಾಣದ ಸ್ಟಿರಾಯ್ಡ್ ಕೂಡಲೇ ಕೊಡಬೇಕು, ತಡವಾದರೆ ಕೈಮೀರುತ್ತದೆ. ಮೊದಲನೆಯದಾದರೆ ಅದೇ ಸ್ಟಿರಾಯ್ಡ್ ಸೋಂಕಿಗೆ ಬಾಗಿಲು ತೆಗೆದುಕೊಟ್ಟಂತೆ.

ಸೋಮು ಕೇಳಿದ, "ಯಾವ್ದು ಅಂತ ಗೊತ್ತಾಗುದು ಹ್ಯಾಂಗೆ ಮೇಡಂ?"

ಮೇಡಂ ನನ್ನನ್ನು ನೋಡಿದರು. ನನಗೆ ಗೊತ್ತಿತ್ತು. ಕಾವಲು ಕಣಗಳು ಕೆರಳಿದಾಗ ತಮ್ಮ ಮೈಮೇಲಿನ ಒಂದು ಪ್ರೋಟೀನನ್ನು ರಕ್ತಕ್ಕೆ ಉದುರಿಸುತ್ತವೆ. ಅದನ್ನು ಬಣ್ಣದಿಂದ ಅಳೆಯುವ ಎಲೈಸಾ ಕಿಟ್ಟು ನಮ್ಮಲ್ಲಿ ಬರುತ್ತದೆ, ಮೇಡಂ ನಡೆಸುವ ಮಳೆಗಾಲದ ಜ್ವರದ ಅಧ್ಯಯನಕ್ಕೆಂದು. ಸಂಖ್ಯೆ ಬಹಳ ಹೆಚ್ಚಿದ್ದರೆ ಎರಡನೆಯದರ ಕಡೆಗೆ ತಕ್ಕಡಿ ವಾಲುತ್ತದೆ. ಈ ಊರಿನಲ್ಲಿ ಆ ಪರೀಕ್ಷೆ ಮಾಡಲು ಬರುವವಳು ನಾನೊಬ್ಬಳು. ಹೋದ ತಿಂಗಳೇ ಕಿಟ್ಟು ಮುಗಿದಿದೆ.

ಬೆಂಗಳೂರಿಗೆ ಕಳಿಸಿದರೆ ವಾರದ ಮೇಲೆ ಬೇಕು. ಹುಬ್ಬಳ್ಳಿಯ ಏಜೆಂಟರ ಹತ್ತಿರ ಹೊಸ ಕಿಟ್ಟು ಇದೆ, ಬುಧವಾರ ಬಸ್ಸಿಗೆ ಹಾಕುತ್ತಾರೆ. ಅಲ್ಲಿವರೆಗೆ ಕಾಯೋಣ ಎಂದರು ಮೇಡಂ.

ಹೊರಗೆ ಬಂದ ಮೇಲೆ ಸೋಮು ನನ್ನ ಕೈ ಹಿಡಿದ. ಜನ ಓಡಾಡುವ ಜಾಗದಲ್ಲಿ ಯಾವತ್ತೂ ಹಿಡಿದವನಲ್ಲ. "ನೀನೇ ಮಾಡುದಲ್ವಾ? ಹಾಂಗಾರೆ ಸರಿ ಬತ್ತದೆ" ಎಂದ.

ಜೂನ್ 30, ಸೋಮವಾರ

ಜ್ವರ ಇಳಿಯಲಿಲ್ಲ. ತಲೆ ಬಾಚುವಾಗ ಹಣಿಗೆಯ ತುಂಬ ಕೂದಲು ಬಂತು. ಪ್ರಗತಿ ನೋಡಬಾರದೆಂದು ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳು ನೋಡಿದಳು.

ಜುಲೈ 2, ಬುಧವಾರ

ಮಳೆ ಎಂದರೆ ಮಳೆ. ಗಂಗಾವಳಿಯ ನೀರು ಸುಂಕಸಾಳದ ಹತ್ತಿರ ರಸ್ತೆಗೆ ಬಂದು ಹುಬ್ಬಳ್ಳಿ ಬಸ್ಸು ಅಲ್ಲೇ ನಿಂತಿತ್ತು. ಹೇಗೋ ಸಂಜೆ ಅಂಕೋಲೆ ಮುಟ್ಟಿತು. ಮುಂದೆ ಬರುವಂತಿಲ್ಲ, ಹಟ್ಟಿಕೇರಿಯ ಈಚೆ ರಸ್ತೆಯ ಮೇಲೆ ಗುಡ್ಡದ ಮಣ್ಣು ಬಿದ್ದಿದೆ, ಬೆಳಿಗ್ಗೆ ತೆಗೆಯುತ್ತಾರಂತೆ. ಪುಣ್ಯಕ್ಕೆ ಸೋಮು ಬಟ್ಟೆ ಬದಲಿಸಲು ಅಂಕೋಲೆಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಬಸ್ ಸ್ಟ್ಯಾಂಡಿಗೆ ಹೋಗಿ ಡಬ್ಬಿ ಇಳಿಸಿಕೊಂಡು ಫೋನ್ ಮಾಡಿದ.

"ಥರ್ಮಾಕೋಲ್ ಡಬ್ಬಿ. ಒಳಗಿನ ಐಸಿನ ಚೀಲ ಎಲ್ಲಾ ಕರಗಿ ನೀರಾಗಿದು ರಂಜೂ."

"ಫ್ರಿಜ್ಜಿನಲ್ಲಿಡಿ."

"ಕರೆಂಟ್ ಎಲ್ಲಿ ಅದೆ? ಎರಡು ದಿನ ಆತು ಹೋಗಿ."

ನನಗೆ ಅಳು ಬಂತು, ಅದು ಗದರಿಕೆಯಾಗಿ ಹೊರಬಿತ್ತು. "ಹ್ಯಾಂಗಾದ್ರೂ ಮಾಡಿ ತಂಪು ಇಡಿ. ಬಿಸಿ ಆದ್ರೆ ಎಲ್ಲಾ ಮುಗೀತು. ಮತ್ತೊಂದು ಬರೂಕೆ ವಾರ ಆಗ್ತದೆ, ಗೊತ್ತಾತಾ?"

"ತಂಪು ಇಡೂಕೆ ನಂಗೆ ಕಲಿಸ್ಬೇಡ ಮಾರಾಯ್ತಿ. ಹುಟ್ಟಿದಾಗಿಂದ ಅದೇ ಮಾಡ್ತಾ ಬಂದವ ನಾನು" ಎಂದ. ದನಿಯಲ್ಲಿ ಎಷ್ಟೋ ದಿನದ ಮೇಲೆ ಧೈರ್ಯ ಇತ್ತು. ಪಾಪ, ಆಸ್ಪತ್ರೆಯಲ್ಲಿ ಅವನಿಗೆ ಮಾಡಲು ಕೆಲಸವೇ ಇರಲಿಲ್ಲ. ಟೀ ತರುವುದು, ಮಗಳ ಕಾಲು ಒತ್ತುವುದು, ಇಷ್ಟೇ.

ಜುಲೈ 3, ಗುರುವಾರ

ಬೆಳಿಗ್ಗೆ ಮಣ್ಣು ಸರಿಸಿದ ಕೂಡಲೇ ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಸೋಮು ಬಂದ. ನಾನು ವಾರ್ಡಿನಲ್ಲಿದ್ದೆ, ಆಶಿಷನ ಕೈಗೆ ಕೊಟ್ಟ, ಅವನು ಫ್ರಿಜ್ಜಿಗಿಟ್ಟ. ಮಧ್ಯಾಹ್ನ ನಾನೇ ತೆಗೆದೆ. ತಣ್ಣಗಿತ್ತು. ಸದ್ಯ ಬದುಕಿದೆ ಎಂದುಕೊಂಡೆ.

ತೊಂಬತ್ತಾರು ಪುಟ್ಟ ಗುಣಿಗಳ ಪ್ಲೇಟು. ಮೊದಲ ಎರಡು ಸಾಲಿಗೆ, ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರಾವಣ ಹಾಕುತ್ತೇವೆ, ಹೆಚ್ಚಿನದರಿಂದ ಕಡಿಮೆಯದಕ್ಕೆ. ಕೊನೆಗೆ ಅವು ಗಾಢ ಹಳದಿಯಿಂದ ತಿಳಿ ಹಳದಿಗೆ ಮೆಟ್ಟಿಲಿನಂತೆ ಇಳಿಯಬೇಕು. ಆ ಮೆಟ್ಟಿಲು ಸರಿಯಿದ್ದರೆ ಮಾತ್ರ ರೋಗಿಯ ಬಣ್ಣವನ್ನು ಅದರ ಪಕ್ಕ ಹಿಡಿದು ಸಂಖ್ಯೆ ಹೇಳಬಹುದು. ಉಳಿದ ಗುಣಿಗಳಿಗೆ ಅಧ್ಯಯನದವರ ರಕ್ತದ ಸೀರಂ. ಪ್ರಗತಿಯದನ್ನು ಮಧ್ಯದಲ್ಲಿ ಹಾಕಿದೆ, ಅಂಚಿನ ಗುಣಿಗಳು ಕೆಲವೊಮ್ಮೆ ಮೋಸ ಮಾಡುತ್ತವೆ. ಕಾದೆ, ತೊಳೆದೆ, ಕಾದೆ, ತೊಳೆದೆ.

ಬಣ್ಣ ಬರಲಿಲ್ಲ.

ಪ್ರಗತಿಯದು ಮಾತ್ರವಲ್ಲ, ಯಾವುದರಲ್ಲೂ ಬರಲಿಲ್ಲ. ಮೊದಲ ಸಾಲಿನ ತಲೆಯ ಗುಣಿಯಲ್ಲಿ ಅಕ್ಕಿ ತೊಳೆದ ನೀರಿನಷ್ಟು ಮಸುಕು, ಅಷ್ಟೇ. ಆಶಿಷ ಬಂದು ಬಗ್ಗಿ ನೋಡಿ ಹೋದ. ಮಗಳ ಗುಣಿಯನ್ನು ಎಷ್ಟು ಹೊತ್ತು ನೋಡಿದೆನೋ. ಬಾ ಬಾ ಎಂದು ಬಾಯಿಬಿಟ್ಟು ಹೇಳಿದೆ. ಪ್ಲೇಟಿನ ಮುಂದೆ ನಿಂತು ಗೋಗರೆಯುವ ಕಾಲ ಬಂತಲ್ಲ ನನಗೆ.

ಜುಲೈ 4, ಶುಕ್ರವಾರ

ನಂದಿನಿ ಮೇಡಂಗೆ ಹೇಳಿದೆ. ಕಿಟ್ಟು ಒಮ್ಮೆ ಹೆಪ್ಪುಗಟ್ಟಿ ಕರಗಿರಬೇಕು, ಬಣ್ಣ ಬರಿಸುವ ಕಿಣ್ವ ಸತ್ತಿದೆ ಎಂದರು. ನನಗೂ ಅದೇ ಅನುಮಾನ. ಅದನ್ನು ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಆದರೆ ಬರೀ ಮಂಜುಗಡ್ಡೆಯ ನಡುವೆ ಇಟ್ಟರೆ ಹೆಪ್ಪುಗಟ್ಟುವುದಿಲ್ಲವಲ್ಲ? ಹುಬ್ಬಳ್ಳಿಯವರೇ ಕೆಡಿಸಿ ಕಳಿಸಿದ್ದಾರೆ ಎಂದು ಬೈಯಲು ಬಾಯಿ ರೆಡಿ ಮಾಡಿಕೊಂಡೆ.

ಸೋಮು ಕ್ಯಾಂಟೀನಿನಲ್ಲಿದ್ದ. ಸುಮ್ಮನೆ ಕೇಳಿದಂತೆ ಕೇಳಿದೆ, "ಮೊನ್ನೆ ಡಬ್ಬಿ ಹ್ಯಾಂಗೆ ಇಟ್ಟಿದ್ರಿ?"

ಮುಖ ಅರಳಿತು. ಇಷ್ಟು ದಿನದಲ್ಲಿ ಆ ಮುಖ ಅರಳಿದ್ದು ಅದೊಂದೇ ಸಲ.

"ಐಸ್ ಫ್ಯಾಕ್ಟ್ರಿಗೆ ಹೋಗಿ ಬಾಗ್ಲು ಬಡ್ದು ಉಳಿದಿದ್ದ ಒಂದು ಗಡ್ಡೆ ತಂದೆ. ಪುಡಿ ಮಾಡಿ ಮೀನಿನ ಪೆಟ್ಟಿಗೆಗೆ ಹಾಕ್ದೆ. ಬರೀ ಐಸ್ ಹಾಕಿದ್ರೆ ಬೆಳಿಗ್ಗೆ ತನಕ ಎಲ್ಲಿ ತಡೀತದೆ? ದೂರದೂರಿಗೆ ಹೋಗೋ ಸಿಗಡಿಗೆ ಮಾಡ್ತೆ ನೋಡು, ಹಾಂಗೆ ಮಧ್ಯ ಮಧ್ಯ ಕಲ್ಲುಪ್ಪು ಹಾಕ್ದೆ. ಬೆಳಿಗ್ಗೆ ತೆಗ್ದು ನೋಡ್ತೆ, ಶೀಸೆ ಎಲ್ಲಾ ಕಲ್ಲಾಗಿತ್ತು ಕಲ್ಲು! ಬಿಸಿ ಅಂಬುದು ಹತ್ರ ಸುಳೀಲಿಲ್ಲ." ಟೀ ಲೋಟ ಕೆಳಗಿಟ್ಟ. "ಸರಿ ಬಂತಲ್ಲ? ಎಷ್ಟು ಬಂತು ನಂಬರು?"

ಉಪ್ಪು ಬಿದ್ದ ಮಂಜುಗಡ್ಡೆ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ. ಅದು ಸಿಗಡಿಗೆ ಒಳ್ಳೆಯದು. ತಂಪು ಇಡಿ ಎಂದು ಕಿರುಚಿದವಳು ನಾನು, ಹೆಪ್ಪುಗಟ್ಟಿಸಬೇಡಿ ಎಂದು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

"ಬಂತು" ಎಂದೆ. "ಆರು ಸಾವಿರದ ಇನ್ನೂರು."

ಸಂಖ್ಯೆ ಎಲ್ಲಿಂದ ಬಂತೋ. ಹೋದ ವರ್ಷದ ಯಾರದೋ ಇರಬೇಕು.

"ಜಾಸ್ತಿ ಅಲ್ವಾ ಅದು? ಹಾಂಗಾರೆ ಸೋಂಕಲ್ಲ?"

"ಡಾಕ್ಟ್ರು ನೋಡಿ ಹೇಳ್ತಾರೆ" ಎಂದು ಎದ್ದುಬಂದೆ.

ಮಧ್ಯಾಹ್ನಕ್ಕೆ ಪ್ರಗತಿ ನರ್ಸಿಗೆ ಹೇಳುತ್ತಿದ್ದಳು, ದನಿಯೇ ಇಲ್ಲದ ದನಿಯಲ್ಲಿ: "ನಮ್ಮ ಪಪ್ಪಾ ರಾತ್ರಿಯಿಡೀ ಐಸ್ ಕಾಯ್ದು ನನ್ನ ಟೆಸ್ಟ್ ತಂದದ್ದು." ಅತ್ತೆ ಫೋನಿನಲ್ಲಿ ಅಂಕೋಲೆಯ ಮೀನುಪೇಟೆಗೆಲ್ಲ ಹೇಳಿ ಮುಗಿಸಿದ್ದರು.

ಜುಲೈ 5, ಶನಿವಾರ

ಬೆಳಿಗ್ಗೆ ಮೂಗಿನಿಂದ ರಕ್ತ ಬಂತು. ಹತ್ತಿ ಒತ್ತಿ ಹಿಡಿದುಕೊಂಡೆ, ನಿಂತಿತು, ಮತ್ತೆ ಬಂತು. ಕಣಗಳ ಲೆಕ್ಕವನ್ನು ಇಂದು ಆಶಿಷ ಮಾಡಿದ. ಹಾಳೆಯನ್ನು ನನಗೆ ತೋರಿಸದೆ ನೇರ ಮೇಡಂ ಹತ್ತಿರ ಒಯ್ದ.

ಮೇಡಂ ಮುಂದೆ ಕೂತು ಕೇಳಿಯೇಬಿಟ್ಟೆ, ಸಂಖ್ಯೆ ಇಲ್ಲದಿದ್ದರೇನು, ಸ್ಟಿರಾಯ್ಡ್ ಶುರು ಮಾಡಿ ಎಂದು. ಅವರು ಎದೆಯ ಫೋಟೋವನ್ನು ಮತ್ತೆ ಬೆಳಕಿಗೆ ಹಿಡಿದರು. "ಈ ಕಲೆ ಇಲ್ದಿದ್ರೆ ಶುರು ಮಾಡ್ತಿದ್ದೆ ರಂಜನಾ. ನಂಗೂ ಕೈ ಕಟ್ಟಿಹೋಗಿದೆ. ನಾಳೆ ಬೆಳಿಗ್ಗೆ ಮಂಗಳೂರಿಗೆ ಕರ್ಕೊಂಡು ಹೋಗಿ. ನಾನು ಮಾತಾಡಿದೀನಿ" ಎಂದರು. ಅವರ ಕಣ್ಣು ಕೆಂಪಾಗಿತ್ತು. ಡಾಕ್ಟರ ಕಣ್ಣು ಕೆಂಪಾದರೆ ನಾವು ಯಾರ ಮುಖ ನೋಡಬೇಕು?

ಬ್ಯಾಗು ತರಲು ಲ್ಯಾಬಿಗೆ ಹೋದಾಗ ಕಿಟಕಿಯಲ್ಲಿ ಆ ತೋಡೂರಿನ ಅಜ್ಜಿ ನಿಂತಿದ್ದರು. ಮಗನ ರಿಪೋರ್ಟು. ಇನ್ನೂ ಆಗಿರಲಿಲ್ಲ. ಒಳಗಿನಿಂದ ನನ್ನ ಸ್ಟೂಲು ತಂದು ಕೂರಿಸಿದೆ, ಅವರ ಪಕ್ಕ ನಾನೂ ಸ್ವಲ್ಪ ಹೊತ್ತು ನಿಂತೆ. ಏನು ಮಾತಾಡಿದೆವೋ ನೆನಪಿಲ್ಲ.

ಸೋಮುವಿಗೆ ನಿಜ ಹೇಳಬೇಕು. ಹೇಳುತ್ತೇನೆ. ಮೊದಲು ಮಂಗಳೂರು ಮುಟ್ಟಲಿ.

ಜುಲೈ 6, ಭಾನುವಾರ

ಆಂಬುಲೆನ್ಸು ಅಂಕೋಲೆ ದಾಟುವಾಗ ಅತ್ತೆ ಹೆದ್ದಾರಿಯ ಬದಿಯಲ್ಲಿ ಮಳೆಯಲ್ಲಿ ನಿಂತಿದ್ದರು, ಬಟ್ಟೆಯ ಚೀಲ ಕೊಡಲು. ನಿನ್ನೆ ಮನೆಗೆ ಹೋದವರು ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದರಂತೆ. ಗಾಡಿ ನಿಂತದ್ದು ಒಂದು ಗಳಿಗೆ. ಮೊಮ್ಮಗಳ ಪಾದ ಮುಟ್ಟಿ, "ಹೋಗಿ ಬಾ ಮಗಾ" ಎಂದರು. ನನ್ನ ತಲೆಯ ಮೇಲೂ ಕೈಯಿಟ್ಟರು.

ದೊಡ್ಡ ಆಸ್ಪತ್ರೆ. ಚಿಕ್ಕ ವಯಸ್ಸಿನ ಡಾಕ್ಟರು, ಪುರಸೊತ್ತಿಲ್ಲ, ಆದರೆ ಒಳ್ಳೆಯವರಂತೆ ಕಂಡರು. ನಂದಿನಿ ಮೇಡಂ ಬರೆದುಕೊಟ್ಟದ್ದನ್ನು ಓದುತ್ತ, ಪ್ರಗತಿಯ ಹೊಟ್ಟೆ ಮುಟ್ಟುತ್ತ, ಒಂದೊಂದೇ ಕೇಳಿದರು. ಕೊನೆಗೆ ಆ ಪ್ರೋಟೀನಿನ ಹೆಸರು ಹೇಳಿ, "ಇದನ್ನ ಅಳತೆ ಮಾಡಿದ್ದಾರಾ? ಇದರಲ್ಲಿ ಬರೆದಿಲ್ಲ" ಎಂದರು.

ನಾನು ಬಾಯಿ ತೆಗೆಯುವುದರೊಳಗೆ ಇವರು ಹೇಳಿಬಿಟ್ಟರು. "ಹೌದು ಸರ್, ಆಗಿದೆ. ಆರು ಸಾವಿರದ ಇನ್ನೂರು. ನನ್ನ ಹೆಂಡ್ತಿಯೇ ಮಾಡಿದ್ದು, ಅವ್ಳು ಅಲ್ಲಿ ಲ್ಯಾಬಿನಲ್ಲೇ ಕೆಲ್ಸ ಮಾಡುದು."

ಡಾಕ್ಟರ ಹುಬ್ಬು ಮೇಲೇರಿತು. "ಆರು ಸಾವಿರ? ಹಾಗಾದರೆ ಅನುಮಾನವೇ ಬೇಡ. ಸಿಸ್ಟರ್, ಸ್ಟಿರಾಯ್ಡ್ ತೆಗೀರಿ, ಈಗಲೇ ಶುರು ಮಾಡೋಣ" ಎಂದು ಬರೆಯತೊಡಗಿದರು.

ಆ ಕ್ಷಣ ಮನಸ್ಸಿಗೆ ಬಂದದ್ದನ್ನು ಇಲ್ಲಿ ಬಚ್ಚಿಡುವುದಿಲ್ಲ. ಸುಮ್ಮನಿದ್ದುಬಿಡು ಎನಿಸಿತು. ಇಷ್ಟು ದಿನ ನಾನು ಬೇಡಿದ ಮದ್ದೇ ಅದು. ಶುರುವಾಗಲಿ, ಅವಳು ಬದುಕಲಿ. ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚೇ ಇರಬಹುದು. ಆದರೆ ಕಡಿಮೆ ಇದ್ದರೆ? ಎದೆಯ ಆ ಕಲೆ ಕ್ಷಯವೇ ಆಗಿದ್ದರೆ? ಯಾರದೋ ರಕ್ತದ ಸಂಖ್ಯೆಯ ಮೇಲೆ ನನ್ನ ಮಗಳಿಗೆ ಸೂಜಿ ಚುಚ್ಚುತ್ತಾರೆ. ನರ್ಸು ಔಷಧದ ಶೀಸೆಯ ಮುಚ್ಚಳ ತೆಗೆದಳು.

"ಆ ಸಂಖ್ಯೆ ಸುಳ್ಳು ಡಾಕ್ಟ್ರೇ" ಎಂದೆ. "ಕಿಟ್ಟು ಹೆಪ್ಪುಗಟ್ಟಿ ಹಾಳಾಗಿತ್ತು. ಬಣ್ಣವೇ ಬರ್ಲಿಲ್ಲ. ಇವ್ರಿಗೆ ಸಮಾಧಾನ ಆಗ್ಲಿ ಅಂತ ನಾನು ಬಾಯಿಗೆ ಬಂದದ್ದು ಹೇಳ್ದೆ."

ಪೆನ್ನು ನಿಂತಿತು. ಡಾಕ್ಟರಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. "ನೀವು ಲ್ಯಾಬಿನವರು ಹೀಗೆ ಮಾಡಬಹುದಾ?" ಎಂದರು. ಬರೆದದ್ದನ್ನು ಹೊಡೆದುಹಾಕಿದರು. "ಹೆಪ್ಪುಗಟ್ಟಿದ್ದು ಹೇಗೆ?"

"ದಾರಿಯಲ್ಲಿ ಏನೋ..." ಎಂದು ನಾನು ಶುರು ಮಾಡಿದೆ.

"ನಾನು ಉಪ್ಪು ಹಾಕಿದ್ದೆ ಸರ್" ಎಂದರು ಇವರು. ನನ್ನನ್ನು ನೋಡಲಿಲ್ಲ, ಡಾಕ್ಟರನ್ನೇ ನೋಡುತ್ತ ಹೇಳಿದರು. "ಐಸಿಗೆ ಉಪ್ಪು ಹಾಕಿ ಇಟ್ಟಿದ್ದೆ. ಮೀನಿಗೆ ಇಟ್ಟ ಹಾಂಗೆ."

ಡಾಕ್ಟರು ಹೊಸದಾಗಿ ರಕ್ತ ತೆಗೆಯಲು ಹೇಳಿದರು. ಭಾನುವಾರ ಆ ಪರೀಕ್ಷೆ ಇಲ್ಲ, ನಾಳೆ ಸಂಜೆಗೆ ಸಿಗುತ್ತದೆ, ಅಲ್ಲಿವರೆಗೆ ಎಲುಬಿನ ಮಜ್ಜೆಯನ್ನೂ ನೋಡುತ್ತೇವೆ, ರಾತ್ರಿ ಹೆಚ್ಚುಕಮ್ಮಿಯಾದರೆ ಆಗಿನದು ಆಗ ಎಂದರು. ನಾಳೆ ಸಂಜೆ ಎಂದರೆ ಎಷ್ಟು ದೂರ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ವರಾಂಡದಲ್ಲಿ ಇವರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನೂ ಕೂತೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಇವರು ಬೈಯಲಿಲ್ಲ, ಕೇಳಿದರು. "ಉಪ್ಪು ಹಾಕದೇ ಹೋಗಿದ್ರೆ, ಗುರುವಾರವೇ ನಂಬರು ಬತ್ತಿತ್ತಾ?"

ಗೊತ್ತಿಲ್ಲ ಎನ್ನಬಹುದಿತ್ತು. ಆ ಕಿಟ್ಟು ಮೊದಲೇ ಕೆಟ್ಟಿತ್ತೋ ಏನೋ ಎನ್ನಬಹುದಿತ್ತು. ಹೆಪ್ಪುಗಟ್ಟಿಸಬೇಡಿ ಎಂದು ನಾನು ಹೇಳಿರಲಿಲ್ಲ ಎಂದೂ ಹೇಳಬಹುದಿತ್ತು. ಇವರ ಕೈ ನೋಡಿದೆ. ಕಲ್ಲುಪ್ಪು, ಮಂಜುಗಡ್ಡೆ ಕಲೆಸಿ ಬೆರಳ ಸಂದಿಯೆಲ್ಲ ಒಡೆದಿತ್ತು.

"ಬತ್ತಿತ್ತು" ಎಂದೆ.

ಇವರು ಹೂಂ ಎಂದರು. ಎದ್ದು ಒಳಗೆ ಹೋದರು. ಬಾಗಿಲ ಗಾಜಿನಿಂದ ಕಾಣುತ್ತಿತ್ತು, ಪ್ರಗತಿ ಎಚ್ಚರವಾಗಿ ಏನೋ ಕೇಳುತ್ತಿದ್ದಳು, ಇವರು ಬಗ್ಗಿ ಉತ್ತರ ಹೇಳುತ್ತಿದ್ದರು. ಏನು ಹೇಳಿದರೋ ಗೊತ್ತಿಲ್ಲ. ಅವಳು ತನ್ನ ಬಿಸಿ ಕೈಯಿಂದ ಅಪ್ಪನ ಮುಖ ಒರೆಸುತ್ತಿದ್ದಳು.